ಚಂದ್ರನನ್ನು ಮುಟ್ಟುವ ಮೊದಲೇ ಎಬ್ಬಿಸಿದ್ದೇಕೆ?

ತಾರಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ತಾರಾಲಯದಲ್ಲಿ ನಿದ್ದೆ ಮಾಡಿದ ಅಪರಾಧಕ್ಕಾಗಿ ಕಳೆದ ವಾರ ನನ್ನನ್ನೂ ನನ್ನ ಏಳು ತಿಂಗಳ ಮಗಳನ್ನೂ ಹೊರಗೆ ಕಳಿಸಲಾಯಿತು. ಗಲಾಟೆ ಮಾಡಿದ್ದಕ್ಕಲ್ಲ, ಕುರ್ಚಿ ಮುರಿದದ್ದಕ್ಕಲ್ಲ, ನಿದ್ದೆಗೆ. ಈಗ ಬಾಗಿಲ ಪಕ್ಕದಲ್ಲಿ ಹೊಸ ಫಲಕವೂ ಬಂದಿದೆಯಂತೆ: ‘ಪ್ರದರ್ಶನದ ವೇಳೆ ನಿದ್ರಿಸುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.’ ಒಂದು ಸಂಸ್ಥೆ ನನ್ನೊಬ್ಬಳಿಗಾಗಿಯೇ ನಿಯಮ ಮಾಡಿದ್ದು ಇದೇ ಮೊದಲು. ಪದವಿ ಪಡೆದ ದಿನವೂ ಇಷ್ಟು ಗೌರವ ಸಿಕ್ಕಿರಲಿಲ್ಲ.

ನನ್ನ ಮಗಳು ಒಂದೂವರೆ ಗಂಟೆಗೊಮ್ಮೆ ಏಳುತ್ತಾಳೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಾರೆ, ದಿನಕ್ಕೆ ಹದಿನಾರು ಸೂರ್ಯೋದಯ ಕಾಣುತ್ತಾರೆ ಎಂದು ನಿಮ್ಮ ಗೋಡೆಯ ಮೇಲೇ ಬರೆದಿದೆ. ನಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅವರಿಗೆ ಮಲಗಲು ವೇಳಾಪಟ್ಟಿಯಿದೆ, ಗೋಡೆಗೆ ಕಟ್ಟಿದ ಚೀಲವಿದೆ, ಕೆಲವು ತಿಂಗಳಿಗೊಮ್ಮೆ ಬದಲಿ ತಂಡ ಬರುತ್ತದೆ. ನನ್ನ ಬದಲಿ ತಂಡವೆಂದರೆ ಮಂಡಿನೋವಿನ ಅತ್ತೆ ಮತ್ತು ಯಾವ ಗದ್ದಲಕ್ಕೂ ಏಳದ ವರ ಪಡೆದು ಬಂದ ಗಂಡ. ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಮಲಗಿಬಿಟ್ಟರೆ ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು ಸ್ವಾಮಿ? ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಬೆರಳು ತಾಗಿ ಅವಳು ಏಳುತ್ತಾಳೆ. ಉಸಿರಾಟ ಖಚಿತವಾಗುತ್ತದೆ, ಇಡೀ ಬೀದಿಗೆ.

“ನೀನು ಕಣ್ಣು ಮುಚ್ಚಿದ್ರೆ ಮಗು ಎಲ್ಲಿ ಹಾರಿಹೋಗುತ್ತೇ?” ಎಂದು ಅತ್ತೆ ಒಂದು ಮಧ್ಯಾಹ್ನ ರೇಗಿದರು. “ಮುಖ ನೋಡ್ಕೋ, ಬಾಡಿದ ಸೊಪ್ಪಿನ ಹಾಗಾಗಿದೆ. ಎಲ್ಲಾದ್ರೂ ಹೊರಗಡೆ ಹೋಗಿ ಬಾ.”

ಮಗಳನ್ನು ಎದೆಗೆ ಕಟ್ಟಿಕೊಂಡು ಹೊರಟೆ. ಬಿಸಿಲು ಸುಡುತ್ತಿತ್ತು. ತಣ್ಣಗಿನ ಕಟ್ಟಡವೊಂದು ಕಂಡಿತು, ನುಗ್ಗಿದೆ. ಅದು ನಿಮ್ಮದಾಗಿತ್ತು.

ಗುಮ್ಮಟ ಕತ್ತಲಾಯಿತು, ಖಗೋಳ ಇತಿಹಾಸದ ಪ್ರದರ್ಶನ ಶುರುವಾಯಿತು. ನೆರಳನ್ನು ಅಳೆದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದವನು ಬಂದ. ಭೂಮಿಯೇ ನಡುವೆ, ಮಿಕ್ಕಿದ್ದೆಲ್ಲ ಅದರ ಸುತ್ತ ಎಂದು ನೂರಾರು ವರ್ಷ ನಂಬಿದವರು ಬಂದರು. (ನಮ್ಮ ಮನೆ ಇನ್ನೂ ಅದೇ ಸಿದ್ಧಾಂತದಲ್ಲಿದೆ; ನಡುವೆ ತೊಟ್ಟಿಲು.) ದೂರದರ್ಶಕ ಬಂತು, ಗುರುಗ್ರಹದ ನಾಲ್ಕು ಚಂದ್ರರು ಕಂಡರು. ಆಮೇಲೆ ನಿಮ್ಮ ನಿರೂಪಕರ ತಣ್ಣನೆಯ ದನಿ: “ಚಂದ್ರ ಸದಾ ಭೂಮಿಯತ್ತ ಬೀಳುತ್ತಲೇ ಇದ್ದಾನೆ. ಆದರೂ ಬಂದು ಅಪ್ಪಳಿಸುವುದಿಲ್ಲ. ಅವನನ್ನು ಯಾರೂ ಹಿಡಿದುಕೊಂಡಿಲ್ಲ.”

ಯಾರೂ ಹಿಡಿದುಕೊಂಡಿಲ್ಲ. ಅಷ್ಟು ಕೇಳಿದ್ದು ನೆನಪು. ಆ ಕತ್ತಲಲ್ಲಿ ಮಗಳ ಮುಖ ಕಾಣುತ್ತಿರಲಿಲ್ಲ. ಎದೆಯ ಮೇಲೆ ಅವಳ ಭಾರವಷ್ಟೇ, ಏರುತ್ತ ಇಳಿಯುತ್ತ. ನೋಡಲಾಗದ ಮೇಲೆ ನೋಡುವ ಕೆಲಸವೂ ಇರಲಿಲ್ಲ. ಕಣ್ಣು ಬಿಟ್ಟಾಗ ದೀಪ ಹತ್ತಿತ್ತು, ಜನ ಎದ್ದು ಹೋಗುತ್ತಿದ್ದರು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವಾಪಸೂ ಬಂದಾಗಿತ್ತು. ಮಗಳು ಇನ್ನೂ ಮಲಗಿದ್ದಳು. ಹೆರಿಗೆಯಾದಾಗಿನಿಂದ ನನಗೆ ಬಂದ ಮೊದಲ ನಿದ್ದೆ ಅದು.

ಅಲ್ಲಿಂದ ಪ್ರತಿ ಬುಧವಾರ ಬಂದೆ. ಪ್ರತಿ ಸಲವೂ ಅದೇ ಮಾತಿನ ಹತ್ತಿರ ನನ್ನ ಖಗೋಳ ಇತಿಹಾಸ ಮುಗಿಯುತ್ತಿತ್ತು. ಬಾಗಿಲಲ್ಲಿ ಟಿಕೆಟ್ ಹರಿಯುವ ಅಣ್ಣನಿಗೂ ಗೊತ್ತಾಗಿತ್ತು. “ಏನಮ್ಮಾ, ಇವತ್ತಾದ್ರೂ ರಾಕೆಟ್ ಹತ್ತುತ್ತೀರಾ?”

“ನೋಡೋಣ ಅಣ್ಣ, ಭರವಸೆ ಕೊಡಲ್ಲ.”

ಕಳೆದ ಬುಧವಾರ ಮುಖಕ್ಕೆ ಟಾರ್ಚ್ ಬಿತ್ತು. ನಿಮ್ಮ ಮೇಲ್ವಿಚಾರಕರು.

“ಮೇಡಂ, ಏಳಿ. ಗೊರಕೆ!”

“ನಮ್ಮ ಮಗು ಗೊರಕೆ ಹೊಡಿಯಲ್ಲ ಸಾರ್.”

“ಮಗು ಅಲ್ಲ, ನೀವು. ಹಿಂದಿನ ಸಾಲಿನವರು ರಾಕೆಟ್ ಹಾರ್ತು ಅಂದ್ಕೊಂಡ್ರು. ರಾಕೆಟ್ ಬರೋಕೆ ಇನ್ನೂ ಹೊತ್ತಿದೆ!”

ಮಾನ್ಯರೇ, ಪ್ಲೂಟೋ ಕಡೆಗೆ ಹೋದ ನೌಕೆಯನ್ನು ದಾರಿಯ ಬಹುಪಾಲು ಮಲಗಿಸಿಯೇ ಕಳಿಸಿದರು, ಬೇಕಾದಾಗ ಮೆಲ್ಲಗೆ ಸಂಕೇತ ಕೊಟ್ಟು ಎಬ್ಬಿಸಿದರು. ಯಾರಾದರೂ ಅದರ ಮುಖಕ್ಕೆ ಟಾರ್ಚ್ ಬಿಟ್ಟರೇ? ಚಂದ್ರನ ಮೇಲೆ ಮೊದಲು ಇಳಿದವರಿಗೂ ಇಳಿದ ಕೂಡಲೇ ವಿಶ್ರಾಂತಿ ಎಂದೇ ಯೋಜನೆಯಲ್ಲಿತ್ತು. ತಡೆಯಲಾರದೆ ಹೊರಗೆ ಕಾಲಿಟ್ಟವರು ಅವರೇ. ಕಬ್ಬಿಣ-ಅಲ್ಯುಮಿನಿಯಂಗೆ ಸಿಗುವ ನಿದ್ದೆ ತಾಯಿಗೆ ಸಿಕ್ಕರೆ ವಿಜ್ಞಾನಕ್ಕೆ ಅವಮಾನವೇ? ಆಕಾಶ ನೋಡಿದವರು ತಲೆಮಾರುಗಟ್ಟಲೆ ನಿದ್ದೆಗೆಟ್ಟು ಕಟ್ಟಿದ ಇತಿಹಾಸವಿದು. ಅವರು ಕಳೆದುಕೊಂಡದ್ದರಲ್ಲಿ ಒಂದು ಚೂರು ನನಗೆ ಸಿಕ್ಕಿತು ಎಂದುಕೊಳ್ಳಬಾರದೇ? ಪೂರ್ತಿ ಎಚ್ಚರವಿದ್ದು, ಶನಿಯ ಬಳೆಗಳ ಕೆಳಗೆ ಮೊಬೈಲಿನಲ್ಲಿ ಮುಳುಗಿದ್ದ ಮುಂದಿನ ಸಾಲಿನವರಿಗೆ ಯಾವ ಫಲಕ ಮಾಡಿಸಿದ್ದೀರಿ?

ಮನೆಯಲ್ಲಿ ಪ್ರಯತ್ನಿಸದೆ ಇಲ್ಲ. ಪರದೆ ಎಳೆದು, ದೀಪ ಆರಿಸಿ, ನಿರೂಪಕರ ಧಾಟಿಯಲ್ಲಿ ಆ ಮಾತು ಹೇಳಲು ಗಂಡನನ್ನು ಒಪ್ಪಿಸಿದೆ. “ಚಂದ್ರ ಸದಾ ಭೂಮಿಯತ್ತ ಬೀಳುತ್ತಲೇ…” ಎಂದವರು ಎರಡನೇ ವಾಕ್ಯಕ್ಕೆ ಬರುವ ಮೊದಲೇ ನಿದ್ದೆಹೋದರು. ನಾನು, ಮಗಳು ಇಬ್ಬರೂ ಅವರನ್ನೇ ನೋಡುತ್ತ ಕುಳಿತೆವು.

ಆದ್ದರಿಂದ ನನ್ನ ಬೇಡಿಕೆ: ಆ ಫಲಕ ತೆಗೆಸಿ. ಗೊರಕೆ ತೊಂದರೆಯೆಂದಾದರೆ ಕೊನೆಯ ಸಾಲಿನ ಮೂಲೆ ಕೊಡಿ. ಇನ್ನೊಂದು ಮಾತು. ಗಗನಯಾತ್ರಿಗಳು ಭೂಮಿಗೂ ಚಂದ್ರನಿಗೂ ನಡುವೆ ಇರುವಾಗ ನನ್ನನ್ನು ಎಬ್ಬಿಸಬೇಡಿ, ಕೈಮುಗಿಯುತ್ತೇನೆ. ಅವರು ಪ್ಯಾರಾಚೂಟು ಬಿಚ್ಚಿಕೊಂಡು ಸಮುದ್ರಕ್ಕೆ ಇಳಿದ ಮೇಲೆ ಟಿಕೆಟಿನ ಅಣ್ಣ ಬಂದು ಭುಜ ತಟ್ಟಲಿ. ಅವರು ಸುರಕ್ಷಿತವಾಗಿ ಮರಳಿದರೆಂದು ಶಾಲೆಯಲ್ಲೇ ಓದಿದ್ದೇನೆ. ಆದರೂ ಒಮ್ಮೆ ಸರಿಯಾಗಿ ಆ ಗಳಿಗೆಗೆ ಕಣ್ಣು ಬಿಡಬೇಕು. ನಾನು ನೋಡದೆ ಇದ್ದಾಗಲೂ ಅಷ್ಟು ದೂರ ಹೋದವರು ಮನೆಗೆ ಬಂದರು, ಎದೆಯ ಮೇಲಿನವಳೂ ಇದ್ದಲ್ಲೇ ಇದ್ದಾಳೆ ಎಂದು ತಿಳಿದುಕೊಳ್ಳಲು.

ಟಾರ್ಚ್ ಮಾತ್ರ ಬೇಡ.

ಇಂತಿ,
ದೂರದರ್ಶಕದವರೆಗೆ ಮಾತ್ರ ಎಚ್ಚರವಿದ್ದ,
ನಿಮ್ಮ ಬುಧವಾರದ ಗೊರಕೆ