ಬೀಗಿತ್ತಿಯ ಫೋನಿಗೆ ಹೋದ ಅಕ್ಷರಗಳು

ನಮ್ಮ ಮನೆ, ಮಹಡಿ ಮೇಲಿನ ಕೋಣೆ
ಭಾನುವಾರ, ಮಧ್ಯಾಹ್ನ

ದೂರದಲ್ಲಿದ್ದೂ ನನ್ನನ್ನು ಗದರಿಸುತ್ತಿರುವ ಯಜಮಾನಿಗೆ,

ಹೇಗಿದ್ದೀಯೆ? ಮಂಡಿ ನೋವು ಕಡಿಮೆಯಾಯಿತೇ? ಮಗಳ ಮನೆಯ ಲಿಫ್ಟ್ ಕೆಟ್ಟಿದೆ ಎಂದು ಕೇಳಿದ್ದೆ. ರಿಪೇರಿ ಆಯಿತೋ, ಇಲ್ಲ ನೀನು ಇನ್ನೂ ಮೆಟ್ಟಿಲು ಹತ್ತಿ ಇಳಿದು ಎಲ್ಲರಿಗೂ 'ನನಗೇನಾಗಿದೆ ಧಾಡಿ' ಎನ್ನುತ್ತಿದ್ದೀಯೋ? ಬಿ.ಪಿ. ಮಾತ್ರೆ ತಪ್ಪಿಸಬೇಡ. ಮಗಳಿಗೆ ಬಾಣಂತನದ ನಿಶ್ಶಕ್ತಿ ಹೋಯಿತೇ, ಹಸುಗೂಸು ರಾತ್ರಿ ಮಲಗುತ್ತಿದೆಯೇ, ಎಲ್ಲ ಬರೆ. ನನ್ನ ವಿಷಯ ಕೇಳಬೇಡ. ಕಾಯಿಲೆ ಏನೂ ಇಲ್ಲ, ಬರೀ ಸುಸ್ತು. ಬೆಳಿಗ್ಗೆ ಎದ್ದಾಗಲೇ ಸಂಜೆಯ ಸುಸ್ತು ಇರುತ್ತದೆ. ಡಾಕ್ಟರ ಹತ್ತಿರ ಹೋದರೆ 'ವಯಸ್ಸಾಯ್ತಲ್ಲ ಸ್ವಾಮಿ' ಎಂದು ನಕ್ಕು ಕಳಿಸಿದರು. ಅದನ್ನು ಹೇಳಲು ಡಾಕ್ಟರೇ ಬೇಕಿತ್ತಾ?

ಫೋನಿರುವಾಗ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ನೀನು ಹುಬ್ಬು ಹಾರಿಸುತ್ತೀಯೆ, ಗೊತ್ತು. ಫೋನಿನಲ್ಲಿ ಮಾತಾಡುವುದು ಹೇಗೆ ಮಾರಾಯ್ತಿ? ನೀನು ಅದನ್ನು ಊಟದ ಮೇಜಿನ ಮಧ್ಯೆ ಇಟ್ಟು ಇಡೀ ಸಂಸಾರವನ್ನು ಸುತ್ತ ಕೂರಿಸಿಕೊಳ್ಳುತ್ತೀಯೆ. ಹೋದ ವಾರ ಎಲ್ಲರೆದುರಿಗೆ, 'ಬರ್ತೀರೋ ಇಲ್ವೋ, ಒಂದು ಮಾತು ಹೇಳ್ಬಿಡಿ, ನಾನಂತೂ ಇಲ್ಲೇ ಇರೋಳು' ಎಂದುಬಿಟ್ಟೆ. ಅಳಿಯ ನೋಡುತ್ತಿದ್ದಾನೆ, ನಮ್ಮ ಭಾಷೆ ತಿಳಿಯದಿದ್ದರೂ ಬೀಗಿತ್ತಿ ನೋಡುತ್ತಿದ್ದಾರೆ. ನಾನು 'ನೋಡೋಣ' ಎಂದೆ. ನೀನು 'ಹೂಂ' ಎಂದೆ. ಆ ಹೂಂ ಇನ್ನೂ ನನ್ನ ಕಿವಿಯಲ್ಲಿದೆ.

ನಾನು ಯಾಕೆ ಬರುವುದಿಲ್ಲ ಎಂದು ಹಟ ಹಿಡಿದೆನೋ ನಿನಗೆ ಗೊತ್ತು, ಆದರೆ ನೀನದನ್ನು ನಕ್ಕು ಹಾರಿಸಿದೆ. ಹಿಂದಿನ ಸಲ ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ, ನೀವೆಲ್ಲ ಅಂಗಡಿಗೆ ಹೋದ ದಿನ, ಮೊಮ್ಮಗಳು ಚೂಟಿ ನನ್ನ ಅಂಗಿ ಜಗ್ಗಿ ಅವಳಪ್ಪನ ಚೀನೀ ಭಾಷೆಯಲ್ಲಿ ಏನೋ ಕೇಳಿದಳು. ನಾನು ಬೊಂಬೆ ಕೊಟ್ಟೆ, ಎಸೆದಳು. ಎತ್ತಿಕೊಂಡೆ, ಒದ್ದಳು. ಪಾಪ, ಕೇಳಿ ಕೇಳಿ ಕೊನೆಗೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಒಳಕೋಣೆಯಲ್ಲಿದ್ದ ಬೀಗಿತ್ತಿ ಎದ್ದು ಬಂದು ಒಂದು ಲೋಟ ನೀರು ಕೊಟ್ಟರು. ಗಟಗಟ ಕುಡಿದು ಸುಮ್ಮನಾದಳು. ನೀರು ಕಣೇ! ಸ್ವಂತ ಮೊಮ್ಮಗಳು ನೀರು ಕೇಳಿದರೆ ತಿಳಿಯದ ಅಜ್ಜ ಆ ಮನೆಯಲ್ಲಿ ಯಾಕಿರಬೇಕು? ಅದಾದ ಮೇಲೆ ಅವಳು ನನ್ನನ್ನು ಕಂಡರೆ ಸೋಫಾದ ಹಿಂದೆ ಬಚ್ಚಿಟ್ಟುಕೊಳ್ಳತೊಡಗಿದಳು. ಇವಳ ಮಾತು ತಿಳಿಯುವ ತನಕ ಈ ಮನೆಗೆ ಕಾಲಿಡುವುದಿಲ್ಲ ಎಂದು ಆವತ್ತು ನಾನು ಹೇಳಿದ್ದು ಕೋಪಕ್ಕಲ್ಲ, ನಾಚಿಕೆಗೆ.

ಈಗ ಕೇಳು, ನಗಬೇಡ. ನೀನು ಹೋದ ಮೇಲೆ ನಾನು ಚೀನೀ ಭಾಷೆಯ ತರಗತಿಗೆ ಸೇರಿದ್ದೇನೆ. ಸೈಕಲ್ ಅಂಗಡಿಯ ಮೇಲಿನ ಕೋಣೆ, ಗೋಡೆಯ ಉದ್ದಕ್ಕೂ ಹಳೇ ಕಂಪ್ಯೂಟರುಗಳು, ಕಿರ್ರೆನ್ನುವ ಫ್ಯಾನು. ಕಲಿಯುವವರಲ್ಲಿ ಒಬ್ಬಳು ನರ್ಸು, ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ಮುದುಕ. ಮುದುಕ ಯಾರೆಂದು ಹೇಳಬೇಕಿಲ್ಲ. ಕಲಿಸುವ ಮೇಡಂ ನಮ್ಮ ಮಗಳಿಗಿಂತ ಚಿಕ್ಕವಳು, ಆದರೆ ಯಾರಿಗೂ ಸೊಪ್ಪು ಹಾಕುವವಳಲ್ಲ. ಆ ಭಾಷೆಯಲ್ಲಿ ಚಿತ್ರದಂಥ ಅಕ್ಷರಗಳು ಸಾವಿರಾರು ಇವೆಯಂತೆ, ಅದಕ್ಕೇ ಅಲ್ಲಿನ ಮಕ್ಕಳಿಗೆ ಮೊದಲು ಉಚ್ಚಾರಣೆಯ ಚಿಹ್ನೆಗಳನ್ನು ಕಲಿಸುತ್ತಾರೆ. ನಾವು ಕಲಿಯುತ್ತಿರುವುದೂ ಅದನ್ನೇ, ಕಂಪ್ಯೂಟರಿನಲ್ಲಿ ಒತ್ತಿ ಒತ್ತಿ. ನಮ್ಮ ವರ್ಣಮಾಲೆ ಗಂಟಲಲ್ಲಿ ಶುರುವಾಗಿ ತುಟಿಗೆ ಬರುತ್ತದಲ್ಲ, ಅವರದು ತುಟಿಯಲ್ಲಿ ಶುರುವಾಗಿ ಗಂಟಲಿಗೆ ಹೋಗುತ್ತದೆ. ಇದನ್ನು ಕಂಡ ದಿನ ಖುಷಿಯಾಗಿ ನಿನಗೆ ಹೇಳೋಣವೆಂದು ಅಡುಗೆಮನೆ ತನಕ ಹೋಗಿ ಸುಮ್ಮನೆ ವಾಪಸ್ ಬಂದೆ.

ಖುಷಿ ಅಷ್ಟಕ್ಕೇ ಮುಗಿಯಿತು. ಪ್ರತಿ ಶಬ್ದಕ್ಕೂ ಒಂದು ರಾಗದ ಗುರುತು ಹಾಕಬೇಕು, ಏರಿತೋ, ಇಳಿಯಿತೋ, ಬಗ್ಗಿ ಎದ್ದಿತೋ ಎಂದು. ಅದು ಶಬ್ದದ ಕೊನೆಗೆ ಬರಬೇಕು. ನನ್ನ ಬೆರಳುಗಳೋ ಪ್ರೆಸ್ಸಿನಲ್ಲಿ ಜೀವಮಾನವಿಡೀ ಕನ್ನಡ ಒತ್ತಿದವು. ವ್ಯಂಜನ ಬಿದ್ದ ತಕ್ಷಣ ಕೊಂಬೋ ದೀರ್ಘವೋ ಹಾಕಿಯೇ ಮುಂದಕ್ಕೆ ಹೋಗುವ ಚಾಳಿ. ಹಾಗಾಗಿ ಅರ್ಧ ಶಬ್ದಕ್ಕೇ ಗುರುತು ಹಾಕಿಬಿಡುತ್ತೇನೆ, ಕಂಪ್ಯೂಟರು 'ಟೊಯ್ಕ್' ಎನ್ನುತ್ತದೆ. ತರಗತಿಯಲ್ಲಿ ಟೊಯ್ಕ್ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ನಾನೇ ಎಂದು ಎಲ್ಲರಿಗೂ ಗೊತ್ತು. ಇನ್ನು ಕಿವಿಗಂತೂ ನಾಲ್ಕು ರಾಗವೂ ಒಂದೇ. ಮೇಡಂ ಹೇಳಿ ಹೇಳಿ ಸೋತು, 'ಸರ್, ನಿಮ್ಮನೇಲಿ ಯಾರೂ ಒಂದೇ ಮಾತನ್ನ ಬೇರೆ ಬೇರೆ ಥರ ಹೇಳಲ್ವಾ?' ಎಂದಳು. ಆಗ ನಿನ್ನ ಹೂಂ ನೆನಪಾಯಿತು. ಒಪ್ಪಿದ ಹೂಂ ಬೇರೆ, ನಂಬದ ಹೂಂ ಬೇರೆ, ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎನ್ನುವ ಹೂಂ ಬೇರೆ. ಅದನ್ನೇ ಹೇಳಿ ತೋರಿಸಿದೆ. ನರ್ಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಮಾನ ಕಳೆದೆ, ಕ್ಷಮಿಸು.

ನನ್ನ ಮಾನವೂ ಉಳಿದಿಲ್ಲ. ಆ ಚಿಹ್ನೆಗಳು ಮಕ್ಕಳಿಗೆ ಮಾತ್ರ, ದೊಡ್ಡವರು ಕಾಗದಪತ್ರ ಬರೆಯುವುದು ಚಿತ್ರದಕ್ಷರದಲ್ಲೇ ಎಂಬುದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ. ಕಲಿತದ್ದನ್ನು ಮೊದಲು ಬೀಗಿತ್ತಿಗೆ ತೋರಿಸಿ ಸೈ ಎನಿಸಿಕೊಳ್ಳೋಣವೆಂದು 'ನಮಸ್ಕಾರ, ಊಟ ಆಯಿತೇ' ಎಂದು ಬರೀ ಚಿಹ್ನೆಗಳಲ್ಲೇ ಒತ್ತಿ ಅವರ ಫೋನಿಗೆ ಕಳಿಸಿದೆ. ದೊಡ್ಡ ಮನುಷ್ಯರು ಅಂಗನವಾಡಿ ಅಕ್ಷರದಲ್ಲಿ ತಮಗೆ ಬರೆದಾರೇ? ಮಗುವಿಗೇ ಬರೆದಿದ್ದಾರೆ ಎಂದುಕೊಂಡು ಅವರು ಫೋನನ್ನು ಚೂಟಿಯ ಕೈಗೆ ಕೊಟ್ಟಿದ್ದಾರೆ. ಅವಳೂ ಶಾಲೆಯಲ್ಲಿ ಈಗ ಅವನ್ನೇ ಕಲಿಯುತ್ತಿದ್ದಾಳಲ್ಲ! ಸಂಜೆ ಉತ್ತರ ಬಂತು. ನಾನು ಬರೆದ ಸಾಲೇ, ಆದರೆ ತಪ್ಪಿದ ರಾಗಗಳನ್ನೆಲ್ಲ ತಿದ್ದಿ, ಕೆಳಗೆ 'ಇನ್ನೊಂದು ಸಲ ಬರಿ' ಎಂದು. ಊರಿನವರ ಪ್ರೂಫೆಲ್ಲ ತಿದ್ದಿದವನ ಪ್ರೂಫನ್ನು ಮೊಮ್ಮಗಳು ತಿದ್ದಿದ್ದಾಳೆ ನೋಡು. ಬಿದ್ದು ಬಿದ್ದು ನಕ್ಕೆ, ಆಮೇಲೆ ಯಾಕೋ ಕಣ್ಣು ತುಂಬಿತು.

ಅಂದಿನಿಂದ ಇದೇ ನಡೆದಿದೆ. ಪ್ರೆಸ್ಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಒಂದು ಸಾಲು ಒತ್ತುತ್ತೇನೆ. ಕೀಲಿಮಣೆಗೆ ನಾನು ಅಂಟಿಸಿದ ಚಿಹ್ನೆಗಳ ಚೀಟಿಗಳನ್ನು ಕಂಡು ಪ್ರೆಸ್ಸಿನ ಯಜಮಾನರು 'ಇದೇನ್ರೀ, ಇರುವೆ ಸತ್ತುಬಿದ್ದಿದೆ' ಎಂದರು. ಒಂದು ಸಾಲು ಮುಗಿಯುವ ಹೊತ್ತಿಗೆ ಬಿಡುವೂ ಮುಗಿದಿರುತ್ತದೆ, ಕಣ್ಣು ಉರಿಯುತ್ತದೆ, ಬುತ್ತಿ ಹಾಗೇ ಉಳಿದಿರುತ್ತದೆ. 'ನಿನ್ನ ಕಿಟಕಿಯಲ್ಲಿ ಏನು ಕಾಣುತ್ತದೆ' ಎಂದು ಚೂಟಿ ಕೇಳುತ್ತಾಳೆ. ಬೆಕ್ಕು ಎಂದು ಬರೆಯುತ್ತೇನೆ. ತಿದ್ದಿ ಕಳಿಸುತ್ತಾಳೆ. ಬೀಗಿತ್ತಿ ಮಗುವಿಗೆ ಫೋನು ಕೊಟ್ಟು ಹಾಳು ಮಾಡುತ್ತಿದ್ದಾರೆ ಎಂದು ನೀನು ದೂರಿದೆಯಲ್ಲ, ಪಾಪ ಅವರನ್ನು ಬೈಯಬೇಡ. ಹಾಳು ಮಾಡುತ್ತಿರುವವನು ನಾನು.

ಆದರೆ ಬೆಕ್ಕು, ಕಿಟಕಿ ಬರೆದ ಮಾತ್ರಕ್ಕೆ ಆಯಿತೇ? ಎದುರಿಗೆ ನಿಂತು ಅವಳು ಗಡಗಡನೆ ಮಾತಾಡಿದರೆ ನನಗೆ ತಿಳಿಯಬೇಡವೇ? ಅದಕ್ಕೇ ಒಂದು ಪಣ ತೊಟ್ಟೆ. ಮೊನ್ನೆ ಶುಕ್ರವಾರ ತರಗತಿಯ ಪರೀಕ್ಷೆ ಇತ್ತು. ಮೇಡಂ ಮಾತಾಡುತ್ತಾಳೆ, ನಾವು ಕೇಳಿಸಿಕೊಂಡು ರಾಗ ಸಮೇತ ಒತ್ತಬೇಕು. ಪಾಸಾದರೆ ನಿನ್ನ ಹತ್ತಿರ ಬರುವುದು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಇಲ್ಲೇ ಇರುವುದು ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆ. ಬಟ್ಟೆ ವ್ಯಾಪಾರಿ ನನ್ನ ಬೆನ್ನು ತಟ್ಟಿ, 'ಯಾಕ್ ಸಾರ್ ಹೆದರ್ತೀರಾ, ನಿಮಗೇನು ಕೆಲಸ ಸಿಗಬೇಕಾ?' ಎಂದ. ಅವನಿಗೇನು ಗೊತ್ತು.

ಮನೆಯ ವಿಷಯ ಹೇಳುವಂಥದ್ದೇನೂ ಇಲ್ಲ. ನಲ್ಲಿ ಸೋರುತ್ತಿತ್ತು, ಸರಿ ಮಾಡಿಸಿದೆ, ಮತ್ತೆ ಸೋರುತ್ತಿದೆ. ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದೇನೆ, ಒಂದು ಒಣಗಿತು, ಅದು ಯಾವುದೆಂದು ಮಾತ್ರ ಹೇಳುವುದಿಲ್ಲ. ಒಬ್ಬನಿಗೆ ಅಡುಗೆ ಮಾಡುವುದು ಬೇಜಾರು, ಮಾಡಿದ್ದನ್ನು ತಿನ್ನುವುದು ಇನ್ನೂ ಬೇಜಾರು. ಇನ್ನು ಬರೆಯಲು ಕೈ ಸೋತಿದೆ. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಹಸುಗೂಸಿನ ಕೆನ್ನೆಗೊಂದು ಮುತ್ತು, ಚೂಟಿಗೆ ಎರಡು. ಬೀಗಿತ್ತಿಗೆ ನಮಸ್ಕಾರ ಹೇಳು, ಹೇಗಾದರೂ ಮಾಡಿ ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ,
ಸೋರುವ ನಲ್ಲಿಯ ಮನೆಯವನು

ಮರೆತಿದ್ದೆ: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಫೇಲು. ನರ್ಸು ಪಾಸು, ವ್ಯಾಪಾರಿ ಪಾಸು. 'ಪರ್ವಾಗಿಲ್ಲ ಸರ್, ಮೊದಲಿಂದ ಕೂತ್ಕೊಳ್ಳಿ, ಮುಂದಿನ ವರ್ಷ ಬಂದೇ ಬರುತ್ತೆ' ಎಂದಳು ಮೇಡಂ. ಹೂಂ ಎಂದು ಮನೆಗೆ ಬಂದು ಬೀಗ ತೆಗೆದೆ. ಒಳಗೆ ಒಂದು ಸದ್ದಿಲ್ಲ. ಮುಂದಿನ ವರ್ಷದ ತನಕ ಇದೇ ಬೀಗ ತೆಗೆಯಬೇಕು ಎನ್ನಿಸಿ ಹೊಸ್ತಿಲ ಮೇಲೇ ಕೂತುಬಿಟ್ಟೆ. ನನ್ನ ಕೈಲಾಗುವುದಿಲ್ಲ ಕಣೇ. ನೀನಿಲ್ಲದೆ ಇರಲಾರೆ. ಕೊಟ್ಟುಕೊಂಡ ಮಾತು ಹಾಳಾಗಿ ಹೋಗಲಿ. ಪ್ರೆಸ್ಸಿನಲ್ಲಿ ಹೇಳಿ ಆಯಿತು, ಮನೆ ಮಾಲೀಕರಿಗೂ ಹೇಳಿದೆ. ಈ ತಿಂಗಳ ಕೊನೆಗೆ ಹೊರಡುತ್ತೇನೆ, ವಾಪಸ್ ಟಿಕೆಟ್ ತೆಗೆಸಿಲ್ಲ. ಅಲ್ಲಿ ಎಲ್ಲರಿಗೂ ಮೊಮ್ಮಗಳಿಗಾಗಿ ಬರುತ್ತಿದ್ದಾರೆ ಎಂದೇ ಹೇಳು.