ಕುಂಭಮಾಸದ ಏರಿ

೧೮ ಮೇ ೨೦೦೯, ಸೋಮವಾರ. ಪಾಲಾರಿವಟ್ಟಂ ಆಫೀಸು
ಮತ್ತೆ ಕ್ಯೂ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲ, ನಲವತ್ತು ಕೋಟಿ ಚುಕ್ಕಿ. ಲೆಕ್ಕ ಹಾಕುವ ಕಂಪ್ಯೂಟರುಗಳ ಗುಂಪು, ಕ್ಲಸ್ಟರ್, ತಿರುವನಂತಪುರದಲ್ಲಿ. ನಾನು ಇಲ್ಲಿ ವೆಬ್ ಪುಟದ ಮೇಲೆ ಚೌಕ ಎಳೆದು ಬಟನ್ ಒತ್ತುವವನು. ಜಾಬ್ ಇದೆ, ಸಾಲಿನಲ್ಲಿ ನಿಂತಿದೆ — ನಮ್ಮ ಕಾಸರಗೋಡಿನ ಪದವೀಧರರ ಹಾಗೆ.
ಸಂಜೆ ನಕ್ಷೆ ಬಂತು. ಮಳೆಗಾಲದಲ್ಲಿ ಮುಳುಗುವವು, ಗದ್ದೆ ಏರಿಯ ಹಿಂದಿನ ಇಪ್ಪತ್ತಮೂರು ಮನೆ. ತೆರವಿನ ಪಟ್ಟಿಗೆ ೨೯ಕ್ಕೆ, ನಾಲ್ಕು ಗಂಟೆಗೆ, ಕಲೆಕ್ಟರ್ ಸಹಿ. ಹದಿನೇಳನೆಯದು ಕಲ್ಯಾಣಿ ಚೇಚಿಯದು. ಆಫೀಸಿನಲ್ಲಿ ನಮಗೆ ಚಹಾ ಮಾಡಿಕೊಡುವ ಅಕ್ಕ.
ಚಹಾ ಕುಡಿದೆ. ಹೇಳಲಿಲ್ಲ.

೨೧ ಮೇ
ಹೇಳಿದೆ. ಮೂವತ್ತು ಮಳೆಗಾಲದಲ್ಲಿ ಅಂಗಳಕ್ಕೂ ನೀರು ಬಂದಿಲ್ಲವಂತೆ. ಹಾಗಾದರೆ ತಪ್ಪು ನನ್ನದೇ. ನಕ್ಷೆಯಿಂದ ಮರ, ಮನೆ ಕಿತ್ತು ಬರಿ ನೆಲ ಉಳಿಸುವ ಜರಡಿ ಏರಿಯನ್ನೂ ಕಿತ್ತಿರಬೇಕು. ಲೇಸರ್ ಮಾಡಿದ್ದೆಲ್ಲ ಲೇಸಲ್ಲ.

೨೫ ಮೇ, ತಿರುವನಂತಪುರ
ಚಾಲೈ ಮಾರ್ಕೆಟ್ಟಿನಲ್ಲಿ ಲಾಡ್ಜು. ದಿಂಬಿಗೂ ಈರುಳ್ಳಿ ವಾಸನೆ. ಕ್ಲಸ್ಟರ್ ನೋಡಿಕೊಳ್ಳುವ ನಿರ್ಮಲ ಮೇಡಂ, ಮೈಸೂರಿನವರು, ಜರಡಿ ಸಡಿಲಿಸಿ ಎರಡು ಸಲ ಓಡಿಸಿದರು. ಅರವತ್ತನಾಲ್ಕು ಪ್ರೊಸೆಸರ್, ಒಂದೇ ಉತ್ತರ: ಏರಿ ಇದೆ, ನಡುವೆ ನಾಲ್ಕು ಮೀಟರ್ ಬಾಯಿ. ನೀರು ಅಲ್ಲಿಂದಲೇ ಒಳಕ್ಕೆ.
ಡೇಟಾ ಸರಿ ಇದೆ ಕಣ್ರೀ, ಹೋಗಿ ಮಲ್ಕೊಳ್ಳಿ ಅಂದರು. ಇಷ್ಟು ದಣಿದವನಿಗೆ ಅದೂ ವೈಜ್ಞಾನಿಕ ಸಲಹೆಯೇ.

೨೮ ಮೇ, ಆಫೀಸು
ಪ್ರಿಂಟ್ ತೋರಿಸಿದೆ, ಕ್ಷಮೆ ಕೇಳುವ ಮುಖ ಹೊತ್ತು. ಚೇಚಿ ಕೈ ಒರೆಸಿಕೊಂಡು ಆ ಬಾಯಿಯ ಮೇಲೆ ಬೆರಳಿಟ್ಟರು.
"ಇದು ಕುಂಭಮಾಸದ ಏರಿ, ಸಾರ್."
ಸಿಗಡಿ ಸಾಕಲು ಪ್ರತಿ ವರ್ಷ ಏರಿ ಕಡಿದು ಉಪ್ಪುನೀರು ಬಿಡುತ್ತಾರಂತೆ. ಏಪ್ರಿಲ್‌ನಲ್ಲಿ ವಿಷು ಹಬ್ಬ ಕಳೆದರೆ ಕೆಸರು ತುಂಬಿ ಮುಚ್ಚುತ್ತಾರೆ, ಭತ್ತಕ್ಕೆ. ವಿಮಾನ ಹಾರಿದ್ದು ಫೆಬ್ರವರಿಯಲ್ಲಿ, ಅದೇ ಕುಂಭಮಾಸ. ತಾರೀಕು ನಕ್ಷೆಯ ಮೂಲೆಯಲ್ಲೇ ಇದೆ... ಟೈಪ್ ಮಾಡಿದವನು ನಾನೇ.
ಮಧ್ಯಾಹ್ನ ಟೇಪ್ ಹಿಡಿದು ಹೋದೆ. ಏರಿಯ ಬಾಯಿ ಆಗಲೇ ಮುಚ್ಚಿದ್ದಾರೆ. ಮೇಲೊಂದು ಆಡು ಕಟ್ಟಿದ್ದಾರೆ. ಅಳತೆ ಸೇರಿಸಿ ಮತ್ತೆ ಓಡಿಸಬೇಕು ಎಂದು ಫೋನ್ ಮಾಡಿದೆ. ಮೇಡಂ ಅಳತೆ ಇನ್ನೊಮ್ಮೆ ಓದಿಸಿದರು.
"ಕಳಿಸ್ರೀ. ಕ್ಯೂ ನಾನ್ ನೋಡ್ಕೋತೀನಿ."

೨೯ ಮೇ, ೩.೦೫
ರನ್ ಮುಗಿದಿದೆ. ಪುಟ ತುಂಡು ತುಂಡಾಗಿ ತೆರೆಯುತ್ತಿದೆ. ಬರೆಯುತ್ತ ಕೂತಿದ್ದೇನೆ, ಇಲ್ಲದಿದ್ದರೆ ಉಗುರು ಉಳಿಯದು. ಕಲೆಕ್ಟರ್ ಕಚೇರಿಗೆ ಹೋಗಲು ಹೊರಗೆ ಆಟೋ ಕಾಯುತ್ತಿದೆ. ಬೆನ್ನ ಹಿಂದೆ ಚೇಚಿ.
ಹೊಳೆ, ನೀಲಿ. ಏರಿ, ಉದ್ದಕ್ಕೂ. ಗದ್ದೆ... ಹದಿನೇಳು — ಹಸಿರು, ಮುಳುಗದು. ಇಪ್ಪತ್ತಮೂರೂ.
ಪ್ರಿಂಟರ್‌ನಲ್ಲಿ ಕಾಗದ ಇಲ್ಲ. ಚೇಚಿ ಆಗಲೇ ಪಕ್ಕದ ಕೋಣೆಯಿಂದ ಕಾಗದದ ಕಟ್ಟು ಹಿಡಿದು ಬಂದರು.