ರಾಯಲ್ಪಾಡಿನ ದಾರಿಯಲ್ಲಿ ಎಲ್ ಬೋರ್ಡಿನ ಗಾಡಿ

ಶ್ರೀನಿವಾಸಪುರ,
ಭಾನುವಾರ, ೨೪ ನವೆಂಬರ್ ೧೯೪೬

ಮೇಷ್ಟ್ರಿಗೆ,

ಶಾಮಲಮ್ಮ ಮಾಡುವ ನಮಸ್ಕಾರ. ಹೆಂಡತಿ ಗಂಡನಿಗೆ ಬರೆಯುವ ಕಾಗದಕ್ಕೆ ಒಂದು ಒಕ್ಕಣೆ ಇದೆ. ಅದನ್ನು ಬರೆಯಲು ಹೋಗಿ ಹಾಳೆ ಹರಿದು ಹಾಕಿದೆ. ಮದುವೆಯಾದ ಹೊಸದರಲ್ಲಿ ಊರಿನವರ ಹಾಗೆ ನಾನೂ ನಿಮ್ಮನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಈಗಲೂ ಅದೇ ಇರಲಿ.

ನಿಮ್ಮ ಕಾಗದ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತರೆ ಕಾಲು ಕೂರಗೊಡುವುದಿಲ್ಲ. ಒಂದು ಸಾಲು ಬರೆದು ಎದ್ದು ನೀರು ಕುಡಿಯುತ್ತೇನೆ, ಹೊರಗೆ ಹೋಗಿ ಗಾಡಿಯ ಧೂಳು ಒರೆಸುತ್ತೇನೆ, ಒರೆಸಿದ್ದನ್ನೇ ಮತ್ತೆ ಒರೆಸಿ ಒಳಗೆ ಬರುತ್ತೇನೆ. ನಿಮ್ಮ ಮನೆಯಲ್ಲಿದ್ದಾಗಲೂ ನಾನು ಹೀಗೇ ಇದ್ದೆನಲ್ಲ. ರಾಗಿ ಬೀಸುತ್ತ ಬೀಸುತ್ತ ಎದ್ದು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ.

ನನ್ನ ಬಗ್ಗೆ ರಾಯಲ್ಪಾಡಿನವರು ತಲೆಗೊಂದು ಥರ ಹೇಳುತ್ತಿದ್ದಾರೆ, ನಿಜ ಏನೆಂದು ನೀನೇ ತಿಳಿಸು ಎಂದು ಬರೆದಿದ್ದೀರಿ. ಆ ಮೋಟಾರ್ ಸೈಕಲ್ ಯಾರದು, ಯಾರು ಕಲಿಸಿದರು, ಯಾವ ಧೈರ್ಯದಿಂದ ನಮ್ಮೂರಿಗೆ ಒಬ್ಬಳೇ ಬಂದೆ ಎಂದು ಕೇಳಿದ್ದೀರಿ. ಒಂದೊಂದಾಗಿ ಹೇಳುತ್ತೇನೆ.

ನನಗೆ ಮಕ್ಕಳಾಗಲಿಲ್ಲವೆಂದು ನೀವು ಮುನಿಯಲ್ಲಮ್ಮನನ್ನು ಮಾಡಿಕೊಂಡಾಗ ನಾನು ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಅವಳು ಹೊಸಿಲು ದಾಟಿ ಬಂದಾಗ ಆರತಿ ಎತ್ತಿದವಳೂ ನಾನೇ. ಆಮೇಲೆ ಬೆಂಗಳೂರಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ ಕಲಿತೆ. ಇಲ್ಲಿನ ಡಿಸ್ಪೆನ್ಸರಿಗೆ ಮಿಡ್‌ವೈಫ್ ಆಗಿ ಬಂದ ಮೇಲೆ ನನಗೆ ತಾಲ್ಲೂಕೆಲ್ಲ ಸುತ್ತುವ ಕೆಲಸ. ನನ್ನ ಚಡಪಡಿಕೆಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಯಾವುದಿತ್ತು? ಆದರೆ ಸುತ್ತುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಹೋದ ಬೇಸಿಗೆಯಲ್ಲಿ ಯಲ್ದೂರಿನ ಆಚೆ ಒಂದು ಮಾವಿನ ತೋಪಿನ ಮನೆಯಿಂದ ಕರೆ ಬಂತು. ಗಾಡಿಯವನು ಎತ್ತಿಗೆ ನೀರು ಕುಡಿಸಿ, ಬೀಡಿ ಹಚ್ಚಿ, ಆಮೇಲೆ ಹೊರಟ. ನಾವು ಹೋಗುವ ಹೊತ್ತಿಗೆ ಆ ಮನೆಯ ಹೆಂಗಸರು ಅಂಗಳ ತೊಳೆಯುತ್ತಿದ್ದರು. ತಾಯಿ ಮಗು ಇಬ್ಬರೂ ಇರಲಿಲ್ಲ. ಸತ್ತವಳ ಅತ್ತೆ ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಬಿಸಿಲಲ್ಲಿ ಬಂದಿದೀಯ, ಮಜ್ಜಿಗೆ ಕುಡಿ" ಅಂದರು. ಲೋಟ ಹಾಗೇ ಕೆಳಗಿಟ್ಟು ಹೊರಟೆ. ಮೋಟಾರ್ ಸೈಕಲ್ಲಿನ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಅಲ್ಲಿಂದ ಹಿಂತಿರುಗುವ ದಾರಿಯಲ್ಲಿ.

ಕೋಲಾರದಲ್ಲಿ ಮೆಹಬೂಬ್ ಪಾಷಾ ಎಂಬುವವರಿದ್ದಾರೆ. ಯುದ್ಧದಲ್ಲಿ ಮೋಟಾರ್ ಸೈಕಲ್ ಮೇಲೆ ಟಪಾಲು ಒಯ್ಯುತ್ತಿದ್ದವರು. ಈಗ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳನ್ನು ತಂದು ಸರಿಮಾಡಿ ಮಾರುತ್ತಾರೆ. ಅವರ ಹೆಂಡತಿ ಖುರ್ಷೀದ್ ಬೇಗಂ ಹೆತ್ತಾಗ ನಾನು ಕೋಲಾರದ ಆಸ್ಪತ್ರೆಯಲ್ಲಿ ಬದಲಿ ಕೆಲಸಕ್ಕಿದ್ದೆ. ಆ ಗುರುತಿನ ಮೇಲೆ ಅವರ ಷೆಡ್ಡಿಗೆ ಹೋದೆ. ನನ್ನ ಗಂಡನಿಗೆ ಗಾಡಿ ನೋಡಲು ಬಂದೆನೆಂದು ಪಾಷಾ ತಿಳಿದರು.

ಅಲ್ಲಿ ಮೂರು ಗಾಡಿ ಇದ್ದವು. ದೊಡ್ಡದೊಂದು ನಾರ್ಟನ್ನು, ಎಮ್ಮೆಯ ಹಾಗೆ. ಅದರ ಸ್ಟ್ಯಾಂಡು ತೆಗೆದದ್ದೇ ತಡ, ನನ್ನ ಮೇಲೆ ವಾಲಿತು. ಪಾಷಾ ಹಿಡಿಯದಿದ್ದರೆ ಈ ಕಾಗದ ಬರೆಯುವ ಕೈ ಇರುತ್ತಿರಲಿಲ್ಲ. ಎರಡನೆಯದಕ್ಕೆ ಪಕ್ಕದಲ್ಲಿ ತೊಟ್ಟಿಲಿನಂಥ ಗಾಡಿ ಕಟ್ಟಿತ್ತು. ಹೆಂಗಸರಿಗೆ ಅದೇ ಗೌರವ ಎಂದರು. ಆದರೆ ನಮ್ಮ ದಾರಿಗಳಲ್ಲಿ ಇರುವುದು ಎತ್ತಿನ ಗಾಡಿಯ ಎರಡು ಕೊರಕಲು. ಮೂರನೆಯ ಚಕ್ರಕ್ಕೆ ದಾರಿ ಎಲ್ಲಿಂದ ತರಲಿ? ಮೂಲೆಯಲ್ಲಿ ಹಸಿರು ಬಣ್ಣದ ಸಣ್ಣದೊಂದು ನಿಂತಿತ್ತು. ನಾನು ಅದರ ಹತ್ತಿರ ಹೋದೆ.

"ಅದು ಆಟದ ಸಾಮಾನು ಕಣಮ್ಮ. ಮಿಲಿಟರಿನೋರು ಛತ್ರಿ ಕಟ್ಟಿ ವಿಮಾನದಿಂದ ಕೆಳಗೆ ಬಿಡ್ತಿದ್ರು ಇದನ್ನ" ಎಂದರು ಪಾಷಾ.

"ವಿಮಾನದಿಂದ ಬಿದ್ರೂ ಮುರೀಲಿಲ್ಲ ಅಂದ್ಮೇಲೆ ನನ್ನ ಕೈಲಿ ಏನಾಗುತ್ತೆ?" ಎಂದೆ.

ಮುಂದಿನ ಚಕ್ರ ಹಿಡಿದು ಎತ್ತಿ ನೋಡಿದೆ, ಎದ್ದಿತು. ಹಿಂದಿನದನ್ನೂ ಎತ್ತಿದೆ. ಕೆಸರಿನಲ್ಲಿ ಕೂತರೆ ಎತ್ತಬೇಕಾದವಳು ನಾನೊಬ್ಬಳೇ. ಅದನ್ನೇ ಕೊಂಡೆ, ನನ್ನ ಸಂಬಳದಲ್ಲಿ. ಯಾರೂ ಕೊಡಿಸಿದ್ದಲ್ಲ.

ಲೈಸೆನ್ಸಿಗೆಂದು ಕೋಲಾರಕ್ಕೆ ಹೋದಾಗ ಕಚೇರಿಯ ಗುಮಾಸ್ತ ಕೋದಂಡರಾಮಪ್ಪನವರು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದರು. "ಯಜಮಾನ್ರು ಎಲ್ಲಿ ನಿಂತವ್ರೆ, ಒಳಗೆ ಬರೋಕೆ ಹೇಳಿ."

"ಗಾಡಿ ಓಡಿಸೋದು ನಾನು ಸ್ವಾಮಿ."

ಅವರು ಲೇಖನಿ ಕೆಳಗಿಟ್ಟು ಸಾಹೇಬರ ಕೋಣೆಗೆ ಹೋದರು. ಸಾಹೇಬರು ವಯಸ್ಸಾದವರು. ದೂರದಲ್ಲಿ ನಿಂತ ಜಟಕಾದ ನಂಬರು ಓದಿಸಿದರು, ಮೂರ್ಛೆ ಬರುತ್ತದೆಯೇ ಎಂದು ಕೇಳಿದರು, ಸೀರೆ ಚಕ್ರಕ್ಕೆ ಸಿಕ್ಕರೆ ಏನು ಮಾಡುತ್ತೀ ಎಂದರು. ಕಳೆ ಕೀಳುವ ಹೆಂಗಸರ ಹಾಗೆ ಕಚ್ಚೆ ಹಾಕುತ್ತೇನೆ ಎಂದೆ. ಕಲಿಯುವವರ ಲೈಸೆನ್ಸ್ ಕೊಟ್ಟು, ತಮ್ಮದೊಂದು ಷರತ್ತನ್ನೂ ಹಾಕಿದರು. ಪಕ್ಕಾ ಲೈಸೆನ್ಸ್ ಸಿಗುವವರೆಗೂ, ಓಡಿಸಲು ಬಲ್ಲವರು ಜೊತೆಗಿಲ್ಲದೆ ಶ್ರೀನಿವಾಸಪುರದ ಎಲ್ಲೆ ದಾಟಕೂಡದು.

ಪಾಷಾ ವಾರಕ್ಕೊಮ್ಮೆ ಹೆಂಡತಿಯ ಜೊತೆ ಶ್ರೀನಿವಾಸಪುರಕ್ಕೆ ಬಂದು ಒಣಗಿದ ಕೆರೆಯ ಅಂಗಳದಲ್ಲಿ ಕಲಿಸಿದರು. ಖುರ್ಷೀದ್ ಬೇಗಂ ಏರಿಯ ಮೇಲೆ ಕೊಡೆ ಹಿಡಿದು ಕೂರುತ್ತಿದ್ದರು. ಗಂಡಸೊಬ್ಬ ನನಗೆ ಕಲಿಸುತ್ತಿದ್ದ ಎಂದು ನಿಮಗೆ ಹೇಳಿದವರು ಆ ಕೊಡೆಯನ್ನು ಯಾಕೆ ಬಿಟ್ಟರೋ ಕಾಣೆ. ಪಾಷಾ ಕೋಪಿಷ್ಠರು. ನಾನು ಗೇರು ಬದಲಿಸುವಾಗ ಕೈಯ ಕಡೆ ನೋಡಿದರೆ "ರಸ್ತೆ ನಿಮ್ಮ ಕೈಲಿ ಐತಾ ಅಮ್ಮಾ?" ಎಂದು ಕೂಗುತ್ತಿದ್ದರು. ಬಿದ್ದೆ, ಮೊಣಕೈ ತರಚಿಕೊಂಡೆ, ಒಮ್ಮೆ ಜಾಲಿಯ ಪೊದೆಗೂ ನುಗ್ಗಿದೆ. ಬಿಳಿ ಹಲಗೆಯ ಮೇಲಿನ ಕೆಂಪು ಎಲ್ ಅಕ್ಷರ ಏನೆಂದು ನೋಡಲು ನೆರೆದವರು ಕೇಳಿದರೆ ಖುರ್ಷೀದ್ ಬೇಗಂ, "ಲೇಡಿ ಅಂತ. ಸರ್ಕಾರದೋರೇ ಬರ್ಸಿ ಕೊಟ್ಟವ್ರೆ" ಎನ್ನುತ್ತಿದ್ದರು. ಈಗ ಊರೆಲ್ಲ ಅದನ್ನೇ ನಂಬಿದೆ.

ಇನ್ನು ಆ ದಿನದ ಮಾತು. ಬೆಳಿಗ್ಗೆ ಡಿಸ್ಪೆನ್ಸರಿಯ ಮುಂದೆ ಒಬ್ಬ ಸೈಕಲ್ಲಿನಿಂದ ಬೀಳುವ ಹಾಗೆ ಇಳಿದ. ನಿಮ್ಮ ಓಣಿಗೆ ಹೊಸದಾಗಿ ಬಂದ ಪೆದ್ದಪ್ಪ. "ರಾಯಲ್ಪಾಡು ನುಂಚಿ ವಚ್ಚಿನಾನಮ್ಮಾ" ಎಂದು, ರಾಯಲ್ಪಾಡಿನಿಂದ ಬಂದೆನೆಂಬುದನ್ನು ತೆಲುಗಿನಲ್ಲಿ ಶುರುಮಾಡಿ, ಏದುಸಿರಿನಲ್ಲೇ ಕನ್ನಡಕ್ಕೆ ಹೊರಳಿದ. "ಮಗೀನ ಕಾಲು ಮುಂದೆ ಬಂದೈತಂತೆ. ಸೂಲಗಿತ್ತಿ ಕೈಬಿಟ್ಟವ್ಳೆ."

"ಯಾರ ಮನೇಲಿ?"

"ಇಸ್ಕೂಲು ಮೇಷ್ಟ್ರ ಮನೇಲಿ. ಮೇಷ್ಟ್ರು ಊರಾಗಿಲ್ಲ, ಕೋಲಾರಕ್ಕೆ ಹೋಗವ್ರೆ. ಅವ್ರ ಹೆಂಡ್ತಿಗೆ."

ಮೇಷ್ಟ್ರ ಹೆಂಡತಿಯ ಎದುರಿಗೇ ನಿಂತು ಹೇಳುತ್ತಿದ್ದೇನೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ.

ಕಾಂಪೌಂಡರ್ ಆವಲಪ್ಪ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತು. "ಬಸ್ಸು ಹೊರಟೋಯ್ತು ಅಕ್ಕಾ, ಇನ್ನು ಸಾಯಂಕಾಲಕ್ಕೇ. ಪಾಷಾ ಸಾಹೇಬ್ರು ಬೆಂಗಳೂರಿಗೆ ಹೋಗವ್ರೆ. ಒಬ್ಳೇ ಹೋದ್ರೆ ಲೈಸೆನ್ಸ್ ಕಿತ್ಕೊಳ್ತಾರೆ" ಎಂದ. ನಾನು ಒಳಗೆ ಹೋಗಿ ಕಚ್ಚೆ ಕಟ್ಟಿಕೊಂಡೆ. ಚೀಲ ಹಿಂದೆ ಬಿಗಿದೆ. ಪೆದ್ದಪ್ಪನಿಗೆ ನಿಧಾನವಾಗಿ ಬಾ ಎಂದು ಹೇಳಿ ಹೊರಟೆ.

ಎಲ್ಲೆಯ ಕಲ್ಲು ದಾಟುವಾಗ ಹೆದರಿಕೆಯಾಗಲಿಲ್ಲ. ಹೆದರಿಕೆ ಆಮೇಲೆ ಬಂತು, ಬಂಡೆಗಳ ನಡುವೆ ಬರೀ ನಾನು ಮತ್ತು ಆ ಪಟಪಟ ಸದ್ದು ಮಾತ್ರ ಇದ್ದಾಗ. ಕುರಿಮಂದೆ ಅಡ್ಡ ಬಂತು. ಕುರಿಗಾಹಿ ನನ್ನನ್ನು ನೋಡಿ ಕೈಮುಗಿದ, ಯಾವ ದೇವರೆಂದುಕೊಂಡನೋ. ಹಳ್ಳದ ಮರಳಿನಲ್ಲಿ ಮುಂದಿನ ಚಕ್ರ ಹೂತು ಪಕ್ಕಕ್ಕೆ ಬಿದ್ದೆ. ಬಿಸಿ ಕೊಳವೆ ಕಾಲಿಗೆ ತಾಗಿ ಚರ್ಮ ಸುಟ್ಟಿತು. ಎತ್ತಿ ನಿಲ್ಲಿಸಿ ಕಿಕ್ ಒದ್ದೆ. ಶುರುವಾಗಲಿಲ್ಲ. ಮತ್ತೆ ಒದ್ದೆ. ಆಗ ಮಾತ್ರ, ನೀವು ನನ್ನಿಂದ ಕೇಳಿರದ ಮಾತುಗಳನ್ನು ಆಡಿದೆ. ಗಾಡಿಗೋ ನಿಮಗೋ ಹೇಳಲಾರೆ. ಕೊನೆಗೆ ಶುರುವಾಯಿತು.

ಬಾಗಿಲಲ್ಲಿ ನಿಮ್ಮ ತಾಯಿ ನಿಂತಿದ್ದರು. ಮುಖ ಬೂದಿ ಬಣ್ಣವಾಗಿತ್ತು. "ನೀನಾ" ಎಂದರು. ಹೌದು ಅತ್ತೆ, ನಾನೇ ಎಂದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಒಳಗೆ ಮುನಿಯಲ್ಲಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅಕ್ಕಾ, ನಾನು ಹೋದ್ರೆ ನೀನು ಇಲ್ಲೇ ಇದ್ಬಿಡು. ಅವ್ರಿಗೆ ಒಬ್ರೇ ಇರೋಕೆ ಬರಲ್ಲ."

"ಸುಮ್ನಿರೇ. ನಾನು ಹೇಳ್ದಾಗ ಮಾತ್ರ ಮುಕ್ಕು. ಅಲ್ಲೀ ತನಕ ಬಾಯಲ್ಲಿ ಉಸಿರು ಬಿಡು" ಎಂದೆ.

ಮಗುವಿನ ಮೈ ಬಂದು ತೋಳು ಸಿಕ್ಕಿಕೊಂಡಿತ್ತು. ಒಂದೊಂದೇ ತೋಳು ಬಿಡಿಸಿ, ತಲೆ ಹೊರಗೆ ತರುವಷ್ಟರಲ್ಲಿ ನನ್ನ ಬೆವರು ಅವಳ ಹೊಟ್ಟೆಯ ಮೇಲೆ ಹನಿಯುತ್ತಿತ್ತು. ಮಗು ಅಳಲಿಲ್ಲ. ನೀಲಿಯಾಗಿತ್ತು. ಬಾಯೊಳಗಿನದನ್ನು ತೆಗೆದು, ಬೆನ್ನು ಉಜ್ಜಿ, ಪಾದಕ್ಕೆ ತಟ್ಟಿದೆ. ಯಲ್ದೂರಿನ ತೋಪಿನ ಮನೆಯಲ್ಲಿ ಇದೆಲ್ಲ ಮಾಡುವುದಕ್ಕೆ ನನಗೆ ಹೊತ್ತೇ ಸಿಕ್ಕಿರಲಿಲ್ಲ, ಇಲ್ಲಿ ಸಿಕ್ಕಿತ್ತು. ಉಜ್ಜುತ್ತಲೇ ಇದ್ದೆ. ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಬಂತು, ಆಮೇಲೆ ಇಡೀ ಓಣಿಗೆ ಕೇಳುವಂಥ ಅಳು. ತಾಯಿಗೆ ರಕ್ತ ಹೋಗುತ್ತಿತ್ತು. ಹೊಟ್ಟೆ ಗಟ್ಟಿಯಾಗುವವರೆಗೂ ಒತ್ತಿ ಹಿಡಿದು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಅಲ್ಲಾಡದೆ ಕೂತದ್ದು ಅದೇ ಮೊದಲು.

ಬೆಳಗಾಗುವವರೆಗೂ ಅವಳನ್ನು ಬಿಟ್ಟು ಹೊರಡುವಂತಿರಲಿಲ್ಲ, ಉಳಿದೆ. ಊಟಕ್ಕೆ ಕೂತಾಗ ನಿಮ್ಮ ತಾಯಿ ಮುದ್ದೆಯ ಮೇಲೆ ತುಪ್ಪ ಬಡಿಸಿದರು. ತಿರುಗಿ ಒಳಗೆ ಹೋದವರು ಮತ್ತೆ ಬಂದು ಇನ್ನೊಂದು ಸಲ ಬಡಿಸಿದರು. ಅವರು ನನಗೆ ಅಷ್ಟು ತುಪ್ಪ ಹಾಕಿದ್ದು ಎಂದೂ ಇಲ್ಲ.

ನಾನು ಒಬ್ಬಳೇ ಎಲ್ಲೆ ದಾಟಿದ ಸುದ್ದಿ ಕೋಲಾರಕ್ಕೆ ನನಗಿಂತ ಮೊದಲೇ ಹೋಗಿತ್ತು. ಸಾಹೇಬರು ಕರೆಸಿದರು.

"ನಮ್ಮ ಮಾತು ಮೀರಿ ಹೋದೆಯಂತೆ."

"ಹೋದೆ."

"ಬಿದ್ದೆಯಾ?"

"ಹಳ್ಳದಲ್ಲಿ ಬಿದ್ದೆ."

"ಮಗು?"

"ಚೆನ್ನಾಗಿದೆ. ಹೆಣ್ಣು."

ಅವರು ಲೈಸೆನ್ಸ್ ಕಿತ್ತುಕೊಳ್ಳಲಿಲ್ಲ, ಆದರೆ ಪರೀಕ್ಷೆಯನ್ನು ಸಂಕ್ರಾಂತಿಯ ಆಚೆಗೆ ಹಾಕಿದರು. ಅಲ್ಲಿಯವರೆಗೂ ಎಲ್ ಬೋರ್ಡು ತೆಗೆಯುವಂತಿಲ್ಲ. ಷರತ್ತು ಹಾಗೇ ಇದೆ ಎಂದರು. ನಾನು ಬಾಗಿಲ ಬಳಿ ಬಂದಾಗ, "ಹಳ್ಳದ ಮರಳಲ್ಲಿ ಬ್ರೇಕು ಮುಟ್ಟಬೇಡ" ಎಂದು ಹಿಂದಿನಿಂದ ಹೇಳಿದರು. ಮತ್ತೆ ಅಂಥ ಕರೆ ಬಂದರೆ ಏನು ಮಾಡುತ್ತೇನೆಂದು ಅವರಿಗೂ ಗೊತ್ತು.

ನಿಮ್ಮ ಕಾಗದದ ಕೊನೆಯಲ್ಲಿ, ಆ ಗಾಡಿ ಮಾರಿ ಮನೆಗೆ ಬಂದುಬಿಡು, ಮಗು ನಿನ್ನದೂ ಹೌದು ಎಂದು ಬರೆದಿದ್ದೀರಿ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೆ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಬಂದರೆ ಮತ್ತೆ ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಮುನಿಯಲ್ಲಮ್ಮ ನನ್ನ ಬೆನ್ನು ನೋಡಿಕೊಂಡು ಬದುಕಬೇಕಾಗುತ್ತದೆ. ಅವಳಿಗೆ ಮೆಂತ್ಯದ ಲೇಹ್ಯ ಕೊಡಿ, ನೀರು ಹೊರಿಸಬೇಡಿ. ಇಷ್ಟು ವರ್ಷವಾದ ಮೇಲೆ ಅಲ್ಲಿಗೆ ಬಂದು ಹೋದದ್ದರಿಂದ ನನಗೆ ಏನೂ ಅನಿಸಲಿಲ್ಲ. ಎಲ್ಲ ಮನೆಗಳ ಹಾಗೆ ಅದೂ ಒಂದು ಮನೆ. ಕೆಲಸ ಮುಗಿಸಿ ಕೈ ತೊಳೆದು ಹೊರಟುಬಂದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಹೊರಗೆ ಯಾರೋ ಬಂದ ಹಾಗಿದೆ.

ಮಗುವಿಗೂ ತಾಯಿಗೂ ನನ್ನ ಆಶೀರ್ವಾದ ತಿಳಿಸಿ.

ಇಂತಿ,
ಶಾಮಲಮ್ಮ

ಮರೆತ ಮಾತು: ಬಾಗಿಲಲ್ಲಿ ಯಾರೂ ಇರಲಿಲ್ಲ, ಗಾಳಿ. ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹೆರಿಗೆಯ ಮರುದಿನ ಬೆಳಿಗ್ಗೆ ನಾನು ಹಿಂತಿರುಗುವಾಗ, ನೀವು ಬರುತ್ತಿದ್ದ ಬಸ್ಸು ಹುಣಸೆಮರದ ತಿರುವಿನಲ್ಲಿ ನನಗೆ ಎದುರಾಯಿತು. ನೀವು ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದಿರಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಗಾಡಿಯನ್ನು ಬದಿಗೆ ತಿರುಗಿಸಿ, ಬಸ್ಸಿನ ಧೂಳು ಅಡಗಿದ ಮೇಲೂ ಅಲ್ಲೇ ನಿಂತಿದ್ದೆ. ಎಂಜಿನ್ ಮಾತ್ರ ಆರಿಸಲಿಲ್ಲ. ಆರಿಸಿದ್ದರೆ ನಿಮ್ಮ ಹಿಂದೆಯೇ ನಡೆದು ಬಂದುಬಿಡುತ್ತಿದ್ದೆನೋ ಏನೋ.